ಎರಡಿಂಚು ನೀರು ಎಂದರೆ ಎಷ್ಟು ಕೊಡ?

ಬಾದಾಮಿ, ಹುನಗುಂದ, ಇಳಕಲ್ ಕಡೆ ಯಾರದೋ ಹೊಲಕ್ಕೆ ಬೋರ್ ಕೊರೆಯುವ ಲಾರಿ ಬಂತೆಂದರೆ ಅಕ್ಕಪಕ್ಕದ ಹೊಲದವರು ಕೆಲಸ ಬಿಟ್ಟು ಬಂದು ನಿಲ್ಲುತ್ತಾರೆ. ಮೊದಲು ಒಣ ಧೂಳು ಏಳುತ್ತದೆ, ಆಮೇಲೆ ಹಸಿ ಮಣ್ಣು, ದೈವ ಒಲಿದರೆ ಕೆಸರುನೀರು. ನೀರು ಚಿಮ್ಮಿದ ಕೂಡಲೇ ಬರುವ ಪ್ರಶ್ನೆ ಒಂದೇ. “ಎಷ್ಟ ಇಂಚ ಬಿತ್ರೀ?” “ಎರಡೂವರಿ ಇಂಚ ಐತ್ರಿ.” ಎಷ್ಟು ಎಚ್‌ಪಿ ಮೋಟಾರು ತರಬೇಕು, ಕಬ್ಬು ಹಚ್ಚಬೇಕೋ ಉಳ್ಳಾಗಡ್ಡಿ ಹಚ್ಚಬೇಕೋ, ಸೊಸೈಟಿಯಲ್ಲಿ ಎಷ್ಟು ಸಾಲ ಎತ್ತಬೇಕು ಎಂಬುದೆಲ್ಲ ಆ ಒಂದು ಮಾತಿನ ಮೇಲೆ ತೀರ್ಮಾನವಾಗುತ್ತದೆ. ಅಷ್ಟು ದೊಡ್ಡ ತೀರ್ಮಾನಕ್ಕೆ ಆಧಾರವಾದ ಆ ಇಂಚು ಎಂದರೆ ಎಷ್ಟು ನೀರು ಎಂದು ಕೇಳಿದರೆ ಮಾತ್ರ ಉತ್ತರ ಕೊಡುವವರು ಕಡಿಮೆ.

ಇಂಚು ಉದ್ದದ ಅಳತೆ. ಬೋರಿನ ನೀರನ್ನು ಉದ್ದದಲ್ಲಿ ಹೇಳುವ ಪದ್ಧತಿ ಎಲ್ಲಿಂದ ಬಂತೆಂದರೆ, ‘ವಿ’ ಆಕಾರಕ್ಕೆ ಕಚ್ಚು ಕತ್ತರಿಸಿದ ಒಂದು ತಗಡಿನ ಹಲಗೆಯಿಂದ. ಹೊರಬಂದ ನೀರಿಗೆ ಮಣ್ಣಿನ ಒಡ್ಡು ಹಾಕಿ ಸಣ್ಣ ಕಾಲುವೆಯಲ್ಲಿ ಹರಿಯಬಿಡುತ್ತಾರೆ. ಅದಕ್ಕೆ ಅಡ್ಡಲಾಗಿ ಆ ಹಲಗೆಯನ್ನು ನಿಲ್ಲಿಸಿ, ಕಚ್ಚಿನ ತಳದಿಂದ ನೀರು ಎಷ್ಟು ಎತ್ತರ ನಿಂತು ದಾಟುತ್ತದೆ ಎಂದು ನೋಡುತ್ತಾರೆ. ಆ ಎತ್ತರವೇ ನಮ್ಮ ಇಂಚು. ಕಚ್ಚು ಮೇಲೆ ಹೋದಂತೆ ಅಗಲವಾಗುತ್ತದೆ, ಮೇಲಕ್ಕೆ ನಿಂತ ನೀರು ಜೋರಾಗಿಯೂ ಹರಿಯುತ್ತದೆ. ಹಾಗಾಗಿ ಎತ್ತರ ಎರಡು ಪಟ್ಟಾದರೆ ನೀರು ಎರಡು ಪಟ್ಟಾಗಿ ನಿಲ್ಲುವುದಿಲ್ಲ, ಐದೂವರೆ ಪಟ್ಟಿಗೂ ಮೇಲೆ ಹೋಗುತ್ತದೆ. ತೊಂಬತ್ತು ಡಿಗ್ರಿ ಕೋನದ ಕಚ್ಚಿನಲ್ಲಿ ಒಂದಿಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್. ಎರಡಿಂಚು ಸುಮಾರು 2,900 ಲೀಟರ್, ಎರಡೂವರೆ ಇಂಚು ಸುಮಾರು 5,000, ಮೂರಿಂಚು 8,000ದ ಹತ್ತಿರ, ನಾಲ್ಕಿಂಚು 16,000ಕ್ಕೂ ಮೇಲೆ.

ಈ ಅಂಕಿಗಳನ್ನು ಒಮ್ಮೆ ನಿಧಾನವಾಗಿ ನೋಡಬೇಕು. “ಅವನಿಗೆ ನಾಲ್ಕಿಂಚು, ನನಗೆ ಎರಡಿಂಚು, ಅರ್ಧ ಸಿಕ್ಕಿತಲ್ಲ ಬಿಡು” ಎಂದು ಸಮಾಧಾನ ಮಾಡಿಕೊಂಡ ರೈತನಿಗೆ ಸಿಕ್ಕಿದ್ದು ಅರ್ಧವಲ್ಲ, ಆರರಲ್ಲಿ ಒಂದು ಪಾಲಿಗಿಂತ ಚೂರು ಹೆಚ್ಚು. ಎರಡಿಂಚಿಗೂ ಎರಡೂವರೆಗೂ ಇರುವ ವ್ಯತ್ಯಾಸ ಬರೀ ಅರ್ಧ ಇಂಚು ಎಂದು ಕಾಣುತ್ತದೆ, ನೀರಿನ ಲೆಕ್ಕದಲ್ಲಿ ಅದು ಗಂಟೆಗೆ ಎರಡು ಸಾವಿರ ಲೀಟರ್. ಕೆಸರಿನಲ್ಲಿ ನಿಂತು, ಅಲುಗಾಡುವ ನೀರಿನ ಮೇಲೆ ಕಣ್ಣಳತೆಯಲ್ಲಿ ಹೇಳಿದ ಇಂಚಿನಲ್ಲಿ ಅಷ್ಟು ಹೆಚ್ಚುಕಡಿಮೆ ಆಗುವುದು ಸಹಜ. ಇನ್ನು ಕೆಲವರು ‘ಎರಡಿಂಚಿನ ಪೈಪು ತುಂಬಿ ಬಂತು’ ಎನ್ನುವುದನ್ನೂ ಎರಡಿಂಚು ಎಂದೇ ಹೇಳುತ್ತಾರೆ. ಅದು ಪೈಪಿನ ಅಗಲ, ಬೇರೆಯೇ ಅಳತೆ. ಅದಕ್ಕೂ ಹಲಗೆಯ ಇಂಚಿಗೂ ತಾಳಮೇಳವಿಲ್ಲ.

ಇಂಚನ್ನು ಲೀಟರಿಗೆ ತಂದ ಮೇಲೆ ಹೊಲದ ಲೆಕ್ಕ ತಾನಾಗಿ ಬಿಚ್ಚಿಕೊಳ್ಳುತ್ತದೆ. ಎರಡೂವರೆ ಇಂಚಿನ ಬೋರು, ದಿನಕ್ಕೆ ಏಳು ತಾಸು ತ್ರೀಫೇಸ್ ಕರೆಂಟು ಎಂದು ಹಿಡಿಯಿರಿ. 35,000 ಲೀಟರ್ ನೀರು. ಒಂದು ಎಕರೆ ಎಂದರೆ 4,047 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಆದ್ದರಿಂದ ಆ ನೀರು ಒಂದು ಎಕರೆಗೆ ಎಂಟೂವರೆ ಮಿಲಿಮೀಟರ್ ಮಳೆ ಬಿದ್ದ ಹಾಗೆ. ಬೇಸಿಗೆಯಲ್ಲಿ ಬೆಳೆದು ನಿಂತ ಬೆಳೆ ದಿನಕ್ಕೆ ಐದಾರು ಮಿಲಿಮೀಟರ್ ಕೇಳುತ್ತದೆ. ಅಂದರೆ ಎಲ್ಲರೂ ಬಂದು ಬೆನ್ನು ತಟ್ಟಿದ ಆ ಬೋರು ಒಂದೂವರೆ ಎಕರೆಯನ್ನು ಹೇಗೋ ಕಾಪಾಡೀತು. ನಾಲ್ಕು ಎಕರೆ ಕಬ್ಬು ಹಚ್ಚಿದವನು ಏಪ್ರಿಲ್ ತಿಂಗಳಲ್ಲಿ ಎರಡನೇ ಬೋರಿಗೆ ಸಾಲ ಹುಡುಕುತ್ತಾನೆ. ಇಷ್ಟಾಗಿ ಇದು ಕೊರೆದ ದಿನ ಗಾಳಿಯ ಒತ್ತಡಕ್ಕೆ ಎದ್ದುಬಂದ ನೀರಿನ ಲೆಕ್ಕ. ತಿಂಗಳುಗಟ್ಟಲೆ ಪಂಪು ಓಡಿದ ಮೇಲೆ ಉಳಿಯುವುದು ಅದಕ್ಕಿಂತ ಕಡಿಮೆಯೇ ಇರುತ್ತದೆ.

ಬೋರಿನವರ ಹತ್ತಿರ ಇರುವ ಕೆಲವು ಪಟ್ಟಿಗಳಲ್ಲಿ ಲೀಟರಿನ ಬದಲು ಗ್ಯಾಲನ್ ಇರುತ್ತದೆ. ಬ್ರಿಟಿಷ್ ಗ್ಯಾಲನ್ 4.546 ಲೀಟರ್, ಅಮೆರಿಕದ್ದು 3.785 ಲೀಟರ್. ಒಂದನ್ನು ಇನ್ನೊಂದೆಂದು ತಿಳಿದರೆ ಆರರಲ್ಲಿ ಒಂದು ಪಾಲು ನೀರು ಕಾಗದದ ಮೇಲೆಯೇ ಮಾಯವಾಗುತ್ತದೆ. ಪಂಪು ಕೊಳ್ಳುವಾಗಲೂ ಅಷ್ಟೆ. ‘ಗಂಟೆಗೆ ಎಷ್ಟು ಲೀಟರ್, ಎಷ್ಟು ಅಡಿ ಆಳದಿಂದ’ ಎಂದು ಎರಡನ್ನೂ ಕೂಡಿಸಿಯೇ ಕೇಳಬೇಕು.

ಅಳತೆಯ ಇಂಥ ತೊಡಕು ನಮಗೆ ಹೊಸದಲ್ಲ. ನಮ್ಮ ಹಿರಿಯರು ಕಾಳನ್ನು ತೂಗುತ್ತಿರಲಿಲ್ಲ, ಅಳೆಯುತ್ತಿದ್ದರು. ಕಣದಲ್ಲಿ ರಾಶಿ ಮಾಡಿ, ಪೂಜೆ ಮಾಡಿ, ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎಂದು ಶುರುಮಾಡುತ್ತಿದ್ದರು. ಸೇರು, ಅಚ್ಚೇರು, ಪಾವು, ಚಟಾಕು ಎಂಬ ಏಣಿ ಎಲ್ಲರಿಗೂ ಬಾಯಿಪಾಠ. ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು. ತೂಕದ ಸೇರು ಬೇರೆ, ಅದು 80 ತೊಲೆ, ಇಂದಿನ 933 ಗ್ರಾಂ. ಅಳತೆಯ ಸೇರು ಮಾತ್ರ ಊರಿಂದ ಊರಿಗೆ ಬದಲಾಗುತ್ತಿತ್ತು. ಅದೂ ಸಾಲದೆಂಬಂತೆ ಅಂಚಿಗೆ ಸಮನಾಗಿ ಒರೆಸಿ ಅಳೆಯುವುದು, ಮೇಲೆ ಗೋಪುರ ನಿಲ್ಲಿಸಿ ಅಳೆಯುವುದು ಎಂದು ಎರಡು ಬಗೆ. ಕೊಡುವಾಗ ಒಂದು ಸೇರು, ತೆಗೆದುಕೊಳ್ಳುವಾಗ ಇನ್ನೊಂದು ಸೇರು ಇಟ್ಟುಕೊಂಡವರ ಕೈಯಲ್ಲಿ ಬಡವರು ಎಷ್ಟು ಕಾಳು ಕಳೆದುಕೊಂಡರೋ ಲೆಕ್ಕವಿಟ್ಟವರಿಲ್ಲ.

ಬಾಗಲಕೋಟೆ ಸೀಮೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ 1956ರಲ್ಲಿಯೇ ದೇಶದಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ ಬಂತು. 1957ರ ಏಪ್ರಿಲ್ 1ರಂದು ನಯಾಪೈಸೆ ಬಂತು, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋಗ್ರಾಂ. 1962ರ ಏಪ್ರಿಲ್ ಹೊತ್ತಿಗೆ ವ್ಯಾಪಾರದಲ್ಲಿ ಹಳೆಯ ಅಳತೆಗಳಿಗೆ ಜಾಗ ಇಲ್ಲವಾಯಿತು. ಈಗ ಇರುವುದು 2011ರ ಏಪ್ರಿಲ್ 1ರಿಂದ ಜಾರಿಗೆ ಬಂದ 2009ರ ಕಾಯ್ದೆ. ಬಡವರ ಪರವಾಗಿ ಆದ ಒಳ್ಳೆಯ ಕಾಯ್ದೆಗಳಲ್ಲಿ ಇದನ್ನೂ ಸೇರಿಸಬೇಕು ಎಂದು ನಾನು ನಂಬಿದ್ದೇನೆ. ಇವತ್ತು ಸಂತೆಯಲ್ಲಿ ಚುರುಮುರಿಯನ್ನು ಸೇರಿನಲ್ಲಿ ಅಳೆದು ಕೊಡುವುದು ಉಳಿದಿದೆ. ಅಷ್ಟು ಹಗುರಾದ, ಹವೆಗೆ ಮೆತ್ತಗಾಗುವ ವಸ್ತುವಿಗೆ ಅಳತೆಯೇ ಅನುಕೂಲ. ಜೋಳಕ್ಕೆ ಹಾಗಲ್ಲ. ಒಂದು ಲೀಟರ್ ಹಿಡಿಯುವ ಡಬ್ಬಿಯಲ್ಲಿ ಬಿಳಿಜೋಳ ಮುಕ್ಕಾಲು ಕಿಲೋ ಆಸುಪಾಸು ಇರುತ್ತದೆ, ಎಣ್ಣೆ 910 ಗ್ರಾಂ, ನೀರು ಒಂದು ಕಿಲೋ. ಗಾಣದಲ್ಲಿ ಕುಸುಬಿ ಎಣ್ಣೆಯನ್ನು ಕಿಲೋ ಲೆಕ್ಕದಲ್ಲಿ ಕೊಂಡು, ಅಂಗಡಿಯ ಪಾಕೀಟನ್ನು ಲೀಟರ್ ಲೆಕ್ಕದಲ್ಲಿ ಕೊಂಡು ದರ ಹೋಲಿಸುವವರು ಈ ಹತ್ತು ಶೇಕಡಾ ವ್ಯತ್ಯಾಸವನ್ನು ಮರೆಯಬಾರದು.

ಕಿರಾಣಿ ಅಂಗಡಿಗೆ ಇಷ್ಟು ಕಟ್ಟುನಿಟ್ಟಾಗಿ ಬಂದ ಮೆಟ್ರಿಕ್ ಅಳತೆ ನಮ್ಮ ಅಣೆಕಟ್ಟಿನ ಗೋಡೆ ದಾಟಿ ಪೂರ್ತಿ ಒಳಗೆ ಹೋಗಲಿಲ್ಲ. ಮಳೆಗಾಲದಲ್ಲಿ ಪತ್ರಿಕೆಯ ಮೂಲೆಯಲ್ಲಿ ಬರುವ ಜಲಾಶಯಗಳ ಪಟ್ಟಿ ನೋಡಿ. ಕೃಷ್ಣೆಗೆ ಕಟ್ಟಿದ ಆಲಮಟ್ಟಿಯ ಗರಿಷ್ಠ ಮಟ್ಟ 519.60 ಮೀಟರ್, ಸಂಗ್ರಹ 123.08 ಟಿಎಂಸಿ. ಮಲಪ್ರಭೆಗೆ ಕಟ್ಟಿದ ನವಿಲುತೀರ್ಥದ ರೇಣುಕಾಸಾಗರದ ಗರಿಷ್ಠ ಮಟ್ಟ 2,079.50 ಅಡಿ, ಸಂಗ್ರಹ 37.73 ಟಿಎಂಸಿ. ಒಂದು ಕಡೆ ಮೀಟರ್, ಇನ್ನೊಂದು ಕಡೆ ಅಡಿ, ಎರಡರ ಒಳಗಿನ ನೀರೂ ಘನ ಅಡಿಯಲ್ಲಿ. ಒಳಹರಿವು ಹೊರಹರಿವು ಕ್ಯೂಸೆಕ್, ಅದೂ ಘನ ಅಡಿಯೇ. ಕೇಂದ್ರ ಜಲ ಆಯೋಗದ ಪ್ರಕಟಣೆ ತೆಗೆದರೆ ಅಲ್ಲಿ ಹರಿವು ಕ್ಯೂಮೆಕ್ (ಸೆಕೆಂಡಿಗೆ ಘನ ಮೀಟರ್), ಸಂಗ್ರಹ ಬಿಸಿಎಂ (ನೂರು ಕೋಟಿ ಘನ ಮೀಟರ್). ಆ ಪಟ್ಟಿಯ ಮೇಲೆ ಯಾರ ಹೊಲ ಮುಳುಗುತ್ತದೆ, ಯಾರ ಕಾಲುವೆಗೆ ನೀರು ಬರುತ್ತದೆ ಎಂಬುದು ನಿಂತಿದೆ. ಅದನ್ನು ಓದುವವರಿಗೆ ಅರ್ಥವಾಗುವಂತೆ ಬರೆಯುವುದು ಪತ್ರಿಕೆಗಳ ಕರ್ತವ್ಯ.

ಅರ್ಥ ಮಾಡಿಕೊಳ್ಳಲು ಒಂದು ಡಬ್ಬಿ ಸಾಕು. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಡಬ್ಬಿ. ಅಡಿ ಎಂದರೆ 30.48 ಸೆಂಟಿಮೀಟರ್. ಅದನ್ನು ಮೂರು ಸಲ ಗುಣಿಸಿದರೆ 28.3 ಲೀಟರ್ ಬರುತ್ತದೆ. ಮನೆಯ ಪ್ಲಾಸ್ಟಿಕ್ ಕೊಡ ಸಾಮಾನ್ಯವಾಗಿ ಹದಿನಾಲ್ಕು ಹದಿನೈದು ಲೀಟರ್ ಹಿಡಿಯುತ್ತದೆ. ಅಂದರೆ ಒಂದು ಘನ ಅಡಿಗೆ ಹೆಚ್ಚುಕಡಿಮೆ ಎರಡು ಕೊಡ ನೀರು. ಇಷ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಮುಂದಿನದೆಲ್ಲ ಸುಲಭ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಎರಡು ಕೊಡ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಇನ್ನೂರು ಕೋಟಿ ಕೊಡ. ಲೀಟರಿನಲ್ಲಿ ಹೇಳಿದರೆ 2,832 ಕೋಟಿ ಲೀಟರ್, ಘನ ಮೀಟರಿನಲ್ಲಿ 2.83 ಕೋಟಿ. ಎಲ್ಲ ಕಡೆ ಬರುವುದು ಅದೇ 28.3 ಎಂಬ ಅಂಕಿ, ಸೊನ್ನೆಗಳು ಮಾತ್ರ ಹಿಂದೆಮುಂದೆ. ದೆಹಲಿಯ ಲೆಕ್ಕದಿಂದ ನಮ್ಮ ಲೆಕ್ಕಕ್ಕೆ ಬರಬೇಕಾದರೆ ಅದರ ತಿರುಗುಮುರುಗು ಸಂಖ್ಯೆ 35.3. ಒಂದು ಕ್ಯೂಮೆಕ್‌ಗೆ 35.3 ಕ್ಯೂಸೆಕ್, ಒಂದು ಬಿಸಿಎಂಗೆ 35.3 ಟಿಎಂಸಿ.

ಕ್ಯೂಸೆಕ್‌ನ ವಿಷಯದಲ್ಲಿ ಒಂದು ತಪ್ಪು ಪ್ರತಿ ವರ್ಷ ಅಚ್ಚಾಗುತ್ತದೆ. ‘ನದಿಗೆ ಒಂದು ಲಕ್ಷ ಕ್ಯೂಸೆಕ್ ನೀರು ಬಿಡುಗಡೆ’ ಎಂದು ತಲೆಬರಹ ಬರುತ್ತದೆ, ಎಷ್ಟು ಹೊತ್ತು ಬಿಟ್ಟರು ಎಂಬುದು ಸುದ್ದಿಯ ಒಳಗೆಲ್ಲೂ ಇರುವುದಿಲ್ಲ. ಕ್ಯೂಸೆಕ್ ನೀರಿನ ಮೊತ್ತ ಹೇಳುವುದಿಲ್ಲ, ನೀರು ಹರಿಯುವ ದರ ಹೇಳುತ್ತದೆ. ಮೊತ್ತ ಬೇಕಾದರೆ ಹೊತ್ತಿನಿಂದ ಗುಣಿಸಬೇಕು. 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. ಬಾಯಿಲೆಕ್ಕಕ್ಕೆ ಹನ್ನೆರಡು ಸಾವಿರ ಎಂದು ಹಿಡಿದರೆ ನಡೆಯುತ್ತದೆ. ಒಂದು ಲಕ್ಷ ಕ್ಯೂಸೆಕ್ ಒಂದು ತಾಸು ಹರಿದರೆ 0.36 ಟಿಎಂಸಿ, ದಿನವಿಡೀ ಹರಿದರೆ 8.64 ಟಿಎಂಸಿ. ಆ ವೇಗದಲ್ಲಿ ಬರಿದಾದ ಆಲಮಟ್ಟಿ ತುಂಬಲು ಹದಿನಾಲ್ಕು ದಿನ ಬೇಕು. ಎರಡು ಲಕ್ಷ ಕ್ಯೂಸೆಕ್ ಬಂದರೆ ಒಂದು ವಾರ.

ಈ ಭೇದ ಮಲಪ್ರಭೆಯ ದಂಡೆಯವರಿಗೆ ಜೀವದ ಪ್ರಶ್ನೆ. 2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನೀರು ಹೊಕ್ಕಿತ್ತು, ಬಾದಾಮಿ ತಾಲ್ಲೂಕಿನ ಊರುಗಳು ನಡುಗಡ್ಡೆಯಾಗಿದ್ದವು. ಮನೆಯೊಳಗೆ ನೀರು ಬರುವುದನ್ನು ನಿರ್ಧರಿಸುವುದು ಆ ಹೊತ್ತಿನ ಕ್ಯೂಸೆಕ್. ಹತ್ತು ದಿನ ನಿಧಾನವಾಗಿ ಬಿಟ್ಟಿದ್ದರೆ ಹೊಳೆಯೊಳಗೇ ಹೋಗಬಹುದಾಗಿದ್ದ ನೀರು ಎರಡು ದಿನದಲ್ಲಿ ಬಂದರೆ ಊರೊಳಗೆ ಬರುತ್ತದೆ. ಕಾಲುವೆಯ ಕೊನೆಯಂಚಿನ ರೈತನಿಗೆ ದರ, ಮೊತ್ತ ಎರಡೂ ಬೇಕು. ಅವನಿಗೆ ಹಂಗಾಮಿಗೆ ಒಟ್ಟು ಎಷ್ಟು ಟಿಎಂಸಿ ಇಟ್ಟಿದ್ದಾರೆ ಎಂಬುದೂ ಗೊತ್ತಾಗಬೇಕು, ತನ್ನ ತೂಬಿಗೆ ಎಷ್ಟು ಕ್ಯೂಸೆಕ್ ಎಷ್ಟು ತಾಸು ಎಂಬುದೂ ಗೊತ್ತಾಗಬೇಕು. ಒಂದು ಕ್ಯೂಸೆಕ್ ಹನ್ನೆರಡು ತಾಸು ಹರಿದರೆ ಒಂದು ಎಕರೆಯ ಮೇಲೆ ಹೆಚ್ಚುಕಡಿಮೆ ಒಂದು ಅಡಿ ನೀರು ನಿಲ್ಲುತ್ತದೆ. ಹಳೆಯ ಅಡಿ-ಎಕರೆ ಲೆಕ್ಕದ ಇಂಥ ಸೊಗಸನ್ನು ನಾನು ಒಪ್ಪುತ್ತೇನೆ. ನಮ್ಮ ಎಂಜಿನಿಯರರು ಅದನ್ನು ಬಿಡಲು ಹಿಂಜರಿಯುವುದಕ್ಕೆ ಅದೂ ಒಂದು ಕಾರಣ.

ಇನ್ನೊಂದು ಕಾರಣ ದೊಡ್ಡದು. ಕೃಷ್ಣೆಯ ಮೇಲಿನ ನಮ್ಮ ಹಕ್ಕು ಬರೆದಿಟ್ಟಿರುವುದೇ ಟಿಎಂಸಿಯಲ್ಲಿ. ಬಚಾವತ್ ನ್ಯಾಯಮಂಡಳಿ 1973ರಲ್ಲಿ ಲೆಕ್ಕ ಹಾಕಿದ 2,060 ಟಿಎಂಸಿಯಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಎಂದು ಹಂಚಿತು. ಮೂರೂ ಪೂರ್ಣಾಂಕ. ಇದನ್ನು ಘನ ಮೀಟರಿಗೆ ತಿರುಗಿಸಿದರೆ ದಶಮಾಂಶದ ಬಾಲ ಹತ್ತುತ್ತದೆ. ಆ ಬಾಲವನ್ನು ಎಲ್ಲಿ ಕತ್ತರಿಸಬೇಕೆಂಬುದರ ಮೇಲೆಯೇ ಮತ್ತೊಂದು ದಾವೆ ಹೂಡಬಹುದು. 700 ಟಿಎಂಸಿಯಲ್ಲಿ ಸಾವಿರಕ್ಕೆ ಒಂದು ಪಾಲು ಹೆಚ್ಚುಕಡಿಮೆಯಾದರೂ ಅದು 0.7 ಟಿಎಂಸಿ, ನೂರನಾಲ್ವತ್ತು ಕೋಟಿ ಕೊಡ.

ಅಡಿಯ ಲೆಕ್ಕ ಮೀಟರಿನ ಒಳಗೆ ಅಡಗಿರುವ ಒಂದು ಉದಾಹರಣೆ ನಮ್ಮ ಜಿಲ್ಲೆಯ ಎಲ್ಲರ ಬಾಯಲ್ಲೂ ಇದೆ. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ಡಿಸೆಂಬರಿನಲ್ಲಿ ಆಲಮಟ್ಟಿಯ ಎತ್ತರವನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. ಹೋರಾಟದ ಬ್ಯಾನರುಗಳ ಮೇಲೆ, ಭಾಷಣಗಳಲ್ಲಿ, ಪರಿಹಾರದ ಅರ್ಜಿಗಳಲ್ಲಿ ಈ ಸಂಖ್ಯೆ ಬಂದುಹೋಗುತ್ತದೆ. ಅಣೆಕಟ್ಟಿನ ಎತ್ತರಕ್ಕೆ ಮಿಲಿಮೀಟರಿನವರೆಗೆ ಇಷ್ಟು ನಿಖರತೆ ಯಾಕೆ ಎಂದು ಯೋಚಿಸಿದವರು 0.3048ರಿಂದ ಭಾಗಿಸಿ ನೋಡಬೇಕು. ಶೇಷವೇ ಇಲ್ಲದೆ 1,720 ಬರುತ್ತದೆ. ಅದು ಅಡಿಯಲ್ಲಿ ಒಂದು ಗುಂಡು ಸಂಖ್ಯೆ, ಮೀಟರಿಗೆ ಬಂದಾಗ ಮೂರು ದಶಮಾಂಶ ಹೊತ್ತುಕೊಂಡಿದೆ. 519.60ರಿಂದ ಅಲ್ಲಿಗೆ ಏರಬೇಕಾದದ್ದು 4.656 ಮೀಟರ್, ಹದಿನೈದು ಅಡಿಗಿಂತ ಸ್ವಲ್ಪ ಹೆಚ್ಚು. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಭಾಗ ಮುಳುಗಿ ನವನಗರಕ್ಕೆ ಬಂದು ನೆಲೆಸಿದವರಿಗೆ ಮೀಟರ್ ಎಂದರೆ ಏನು ಎಂದು ಬೇರೆಯವರು ಹೇಳಿಕೊಡಬೇಕಿಲ್ಲ. ಮಟ್ಟದ ಒಂದು ಮೀಟರ್‌ನಲ್ಲಿ ಎಷ್ಟು ನೀರು ಕೂಡುತ್ತದೆ ಎಂಬುದು ಮಾತ್ರ ಎಲ್ಲ ಎತ್ತರದಲ್ಲೂ ಒಂದೇ ಇರುವುದಿಲ್ಲ ಎಂಬುದನ್ನು ತಿಳಿದಿರಬೇಕು. ತಳದಲ್ಲಿ ಹೊಳೆಯ ಪಾತ್ರ ಕಿರಿದು, ಮೇಲೆ ಹೋದಂತೆ ಬಯಲು ಅಗಲ. ಜಲಾಶಯದ ಕೊನೆಯ ಒಂದು ಮೀಟರ್ ತಳದ ಒಂದು ಮೀಟರಿಗಿಂತ ಎಷ್ಟೋ ಪಟ್ಟು ಹೆಚ್ಚು ನೀರು ಹಿಡಿಯುತ್ತದೆ, ಅಷ್ಟೇ ಹೆಚ್ಚು ಹೊಲವನ್ನೂ ನುಂಗುತ್ತದೆ.

ಇದೇ ಆಕಾರದ ಪಾಠ ಕೃಷಿ ಹೊಂಡದಲ್ಲೂ ಇದೆ. 2014ರಲ್ಲಿ ಬಂದ ಕೃಷಿ ಭಾಗ್ಯ ಯೋಜನೆಯಿಂದ ನಮ್ಮ ಎರೆ ಹೊಲಗಳಲ್ಲಿ, ಮಸಾರಿಯಲ್ಲಿ ಹೊಂಡಗಳಾದವು. ಅಳತೆ ಕೇಳಿದರೆ “ಇಪ್ಪತ್ತೊಂದು ಇಪ್ಪತ್ತೊಂದು ಮೂರು” ಎನ್ನುತ್ತಾರೆ, ಎಲ್ಲವೂ ಮೀಟರ್. ಗುಣಿಸಿದರೆ 1,323 ಘನ ಮೀಟರ್, ಅಂದರೆ 13 ಲಕ್ಷ 23 ಸಾವಿರ ಲೀಟರ್ ಎಂಬ ಲೆಕ್ಕ ಬರುತ್ತದೆ. ಹೊಂಡದ ಬದಿಗಳನ್ನು ನೆಟ್ಟಗೆ ಅಗೆದರೆ ಮಣ್ಣು ಕುಸಿಯುತ್ತದೆ, ಆದ್ದರಿಂದ ಇಳಿಜಾರಾಗಿ ತೆಗೆಯುತ್ತಾರೆ. ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಸರಿದರೆ, ಮೇಲೆ 21 ಮೀಟರ್ ಇದ್ದ ಅಗಲ ತಳದಲ್ಲಿ 15 ಮೀಟರ್ ಆಗುತ್ತದೆ. ಆಗ ಹಿಡಿಯುವ ನೀರು 981 ಘನ ಮೀಟರ್, ಹತ್ತು ಲಕ್ಷ ಲೀಟರಿಗೂ ಕಡಿಮೆ. ನಾಲ್ಕರಲ್ಲಿ ಒಂದು ಪಾಲು ಇಳಿಜಾರಿಗೇ ಹೋಯಿತು. 12 ಮೀಟರಿನ ಚಿಕ್ಕ ಹೊಂಡದಲ್ಲಿ ಹೋಗುವುದು ಇನ್ನೂ ಹೆಚ್ಚು. ಗುಣಿಸಿದ ಲೆಕ್ಕ 432 ಘನ ಮೀಟರ್, ನಿಜವಾಗಿ ಹಿಡಿಯುವುದು 252. ಮಳೆ ಕೈಕೊಟ್ಟಾಗ ಒಂದು ಎಕರೆಗೆ 50 ಮಿಲಿಮೀಟರಿನಂತೆ ಒಂದು ಸಲ ನೀರು ಹಾಯಿಸಬೇಕಾದರೆ ಎರಡು ಲಕ್ಷ ಲೀಟರ್ ಬೇಕು. ದೊಡ್ಡ ಹೊಂಡ ತುಂಬಿದ್ದರೂ ಐದು ಎಕರೆಗೆ ಒಂದು ಸಲ, ಅಷ್ಟೆ. ಆರೂವರೆ ಎಕರೆ ಎಂದು ನಂಬಿ ಬಿತ್ತಿದವನ ಒಂದೂವರೆ ಎಕರೆ ಒಣಗುತ್ತದೆ. ಬಿಸಿಲಿಗೆ ಆರಿಹೋಗುವ ನೀರನ್ನು ನಾನಿಲ್ಲಿ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಹೊಂಡದಿಂದ ಮತ್ತೆ ಟಿಎಂಸಿಗೆ ಬರೋಣ. ಹುನಗುಂದ ತಾಲ್ಲೂಕಿನ ರಾಮಥಾಳ-ಮರೋಳ ಹನಿ ನೀರಾವರಿ ಯೋಜನೆಯ ವ್ಯಾಪ್ತಿ 24,000 ಹೆಕ್ಟೇರ್. ಅಷ್ಟು ನೆಲದ ಮೇಲೆ ಒಂದು ಟಿಎಂಸಿ ನೀರನ್ನು ಸಮನಾಗಿ ಹರಡಿದರೆ ನಿಲ್ಲುವ ಎತ್ತರ 118 ಮಿಲಿಮೀಟರ್. ವರ್ಷಕ್ಕೆ ಆರುನೂರು ಮಿಲಿಮೀಟರಿನ ಒಳಗೇ ಮಳೆ ಕಾಣುವ ಸೀಮೆಯಲ್ಲಿ ಇದು ಐದನೇ ಒಂದು ಭಾಗದ ಮಳೆ, ಅದೂ ಬೇಕಾದ ಹೊತ್ತಿಗೆ ಗಿಡದ ಬುಡಕ್ಕೇ ಬಿದ್ದದ್ದು. ಅದೇ ಒಂದು ಟಿಎಂಸಿಯನ್ನು ಕಬ್ಬಿಗೆ ಹರಿಸಿದರೆ? ಕಬ್ಬಿಗೆ ವರ್ಷಕ್ಕೆ 1,500ರಿಂದ 2,500 ಮಿಲಿಮೀಟರ್ ನೀರು ಬೇಕು. ನಡುವಿನ 2,000 ಹಿಡಿದರೂ 3,500 ಎಕರೆಗೆ ಮುಗಿಯಿತು.

ಕುಡಿಯುವ ನೀರಿನ ಪಕ್ಕ ಇದನ್ನು ಇಟ್ಟು ನೋಡಿದಾಗ ನನಗೆ ಮಾತು ಹೊರಡಲಿಲ್ಲ. 2019ರಲ್ಲಿ ಸಾರಿದ ಜಲ ಜೀವನ್ ಮಿಷನ್ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ನಿಗದಿ ಮಾಡಿದೆ, ಹೆಚ್ಚುಕಡಿಮೆ ನಾಲ್ಕು ಕೊಡ. 2011ರ ಜನಗಣತಿಯಂತೆ ಬಾಗಲಕೋಟೆ ಜಿಲ್ಲೆಯಲ್ಲಿ 18.9 ಲಕ್ಷ ಜನ. ಎಲ್ಲರಿಗೂ ವರ್ಷವಿಡೀ ಆ ಲೆಕ್ಕದಲ್ಲಿ ನೀರು ಕೊಟ್ಟರೆ ಬೇಕಾಗುವುದು 1.34 ಟಿಎಂಸಿ. ಜನ ಹೆಚ್ಚಿದ್ದಾರೆ, ಪೈಪಿನಲ್ಲಿ ಸೋರುತ್ತದೆ ಎಂದು ಇನ್ನರ್ಧ ಕೂಡಿಸಿದರೂ ಎರಡು ಟಿಎಂಸಿ. ಇಡೀ ಜಿಲ್ಲೆಯ ಒಂದು ವರ್ಷದ ಕುಡಿಯುವ ನೀರು ಏಳು ಸಾವಿರ ಎಕರೆ ಕಬ್ಬಿನ ನೀರಿಗೆ ಸಮ. ಕಬ್ಬು ಬೆಳೆಯುವ ರೈತನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಬೇರೆ ಯಾವ ಬೆಳೆಗೂ ಅಷ್ಟು ಖಾತ್ರಿ ಕಾಣುತ್ತಿಲ್ಲ. ಆದರೆ ಎರಡು ಹೊಳೆಗಳ ನಡುವಿನ ಊರಿಗೆ ಬೇಸಿಗೆಯಲ್ಲಿ ಟ್ಯಾಂಕರ್ ಬರುವುದನ್ನು ನೀರಿನ ಅಭಾವ ಎಂದು ಮುಗಿಸಿಬಿಡುವುದು ಸರಿಯಲ್ಲ. ಎರಡು ಟಿಎಂಸಿಯನ್ನು ಮೊದಲು ತೆಗೆದಿಟ್ಟು ಉಳಿದದ್ದನ್ನು ಹಂಚದೆ ಹೋದ ಲೆಕ್ಕದ ತಪ್ಪು ಅದು. ಕುಡಿಯುವ ನೀರನ್ನು ಲೀಟರಿನಲ್ಲಿ, ಹೊಲದ ನೀರನ್ನು ಟಿಎಂಸಿಯಲ್ಲಿ ಹೇಳುತ್ತ ಬಂದಿದ್ದರಿಂದ ಎರಡೂ ಪಕ್ಕಪಕ್ಕ ಬರಲೇ ಇಲ್ಲ.

ಟಿಎಂಸಿ ಬಿಟ್ಟುಬಿಡಿ ಎಂದು ನಾನು ಕೇಳುತ್ತಿಲ್ಲ. ನ್ಯಾಯಮಂಡಳಿಯ ಕಾಗದ ಹಾಗೇ ಇರಲಿ. ಪತ್ರಿಕೆಗಳ ಜಲಾಶಯ ಪಟ್ಟಿಯಲ್ಲಿ ಟಿಎಂಸಿಯ ಪಕ್ಕ ಕೋಟಿ ಲೀಟರ್ ಒಂದು ಕಾಲಂ ಇರಲಿ, ಹೊರಹರಿವಿನ ಪಕ್ಕ ಎಷ್ಟು ತಾಸು ಎಂಬುದು ಇರಲಿ. ಬೋರು ಕೊರೆದವರು ಬಿಲ್ಲಿನ ಮೇಲೆ ಇಂಚಿನ ಜೊತೆಗೆ ಗಂಟೆಗೆ ಎಷ್ಟು ಲೀಟರ್ ಎಂದು ಬರೆದು ಸಹಿ ಮಾಡಿಕೊಡಲಿ. ಕಿರಾಣಿ ಅಂಗಡಿಯ ತಕ್ಕಡಿಗೆ ಮುದ್ರೆ ಒತ್ತುವ ಸರ್ಕಾರಕ್ಕೆ, ಲಕ್ಷಗಟ್ಟಲೆ ಸಾಲಕ್ಕೆ ಆಧಾರವಾಗುವ ಈ ಅಳತೆಯನ್ನೂ ಕಾಯ್ದೆಯೊಳಗೆ ತರುವುದು ಕಷ್ಟವಾಗಬಾರದು.

ಬೋರಿನ ನೀರನ್ನಷ್ಟೇ ಅಲ್ಲ, ಬೆಟ್ಟದ ಸೆಲೆಯ ನೀರನ್ನೂ ಅಳೆಯಬಹುದು, ಅದಕ್ಕೆ ದೊಡ್ಡ ಯಂತ್ರವೇನೂ ಬೇಕಿಲ್ಲ. ಬಾದಾಮಿ ಹತ್ತಿರದ ಮಹಾಕೂಟಕ್ಕೆ ಹೋದವರೆಲ್ಲ ವಿಷ್ಣು ಪುಷ್ಕರಣಿಯಲ್ಲಿ ಮಿಂದಿರುತ್ತಾರೆ, ನೀರಿನೊಳಗಿನ ಮಂಟಪದ ಲಿಂಗಕ್ಕೆ ಕೈಮುಗಿದಿರುತ್ತಾರೆ. ಅಲ್ಲಿನ ಗುಡಿಯ ಮುಂದೆ ನಿಂತಿದ್ದ, ಚಾಲುಕ್ಯ ದೊರೆ ಮಂಗಲೇಶನ ಕಾಲದ ಕಂಬ ಈಗ ವಿಜಯಪುರದ ಗೋಲಗುಮ್ಮಟದ ಮ್ಯೂಸಿಯಂನಲ್ಲಿದೆ, ನೀರು ಮಾತ್ರ ಬೆಟ್ಟದ ಸೆಲೆಯಿಂದ ಬರುತ್ತಲೇ ಇದೆ. ಇಂಥ ಸೆಲೆಗಳು ಈ ಬೆಟ್ಟಸಾಲಿನಲ್ಲಿ ಇನ್ನೂ ಇವೆ. ಸೆಲೆಯ ನೀರು ಎಲ್ಲಿ ಒಂದು ಧಾರೆಯಾಗಿ ಬೀಳುತ್ತದೋ ಅಲ್ಲಿ 15 ಲೀಟರಿನ ಕೊಡ ಹಿಡಿಯಿರಿ, ಮೊಬೈಲಿನಲ್ಲಿ ಸೆಕೆಂಡು ನೋಡಿ. ಕೊಡ ಹದಿನೈದು ಸೆಕೆಂಡಿಗೆ ತುಂಬಿದರೆ ಅದು ಸೆಕೆಂಡಿಗೆ ಒಂದು ಲೀಟರ್, ಬೋರಿನವರ ಭಾಷೆಯಲ್ಲಿ ಎರಡು ಕಾಲು ಇಂಚಿಗೂ ಸಣ್ಣದು. ಆದರೂ ದಿನಕ್ಕೆ 86,400 ಲೀಟರ್, 55 ಲೀಟರಿನಂತೆ 1,570 ಜನರಿಗೆ ಸಾಕು. ಕರೆಂಟಿಲ್ಲ, ಬಿಲ್ಲಿಲ್ಲ. ಧಾರೆ ದಪ್ಪವಿದ್ದರೆ ಕೊಡದ ಬದಲು 200 ಲೀಟರಿನ ಡ್ರಮ್ಮು ಹಿಡಿಯಬೇಕು. ಒಂದೇ ಸಲ ಅಳೆದು ಬಿಡಬಾರದು, ಮೂರು ಸಲ ಅಳೆದು ಸರಾಸರಿ ತೆಗೆಯಬೇಕು. ಬನಶಂಕರಿ ಜಾತ್ರೆಯ ಹೊತ್ತಿಗೆ ಒಂದು ಸಲ, ಯುಗಾದಿಗೆ ಒಂದು ಸಲ, ಮಳೆ ಹಿಡಿದ ಮೇಲೆ ಶ್ರಾವಣದಲ್ಲಿ ಒಂದು ಸಲ. ಹೈಸ್ಕೂಲ್ ಮಕ್ಕಳಿಗೆ ಗಣಿತದ ಮೇಷ್ಟ್ರು ಈ ಕೆಲಸ ಕೊಟ್ಟರೆ ನಾಲ್ಕೈದು ವರ್ಷದಲ್ಲಿ ಪಂಚಾಯಿತಿಯ ಹತ್ತಿರ ತನ್ನ ಊರಿನ ಸೆಲೆಯ ಲೆಕ್ಕ ಲೀಟರಿನಲ್ಲಿ ಇರುತ್ತದೆ. ಬೆಟ್ಟದ ಮೇಲೆ ಗಣಿಗೋ ಹೊಸ ಬೋರಿಗೋ ಅರ್ಜಿ ಬಂದ ದಿನ ಆ ಪುಸ್ತಕವನ್ನು ಸಭೆಯ ಮುಂದಿಡಬಹುದು.